ಎಣ್ಣೆಗಾಯಿ ಸೀಳು

ಕೊಟ್ಟೂರಿನ ನಮ್ಮ ಸಣ್ಣ ಲ್ಯಾಬಿಗೆ ಸುತ್ತಲ ಊರುಗಳಿಂದ ರೋಗಿಗಳ ದೇಹದ ತುಣುಕುಗಳು ಬಾಟಲಿಯಲ್ಲಿ ಬರುತ್ತವೆ. ಅವುಗಳ ಹಿಂದೆಯೇ ನಗುವೂ ಬರುತ್ತದೆ, ಬೇಡವೆಂದರೂ ನಿಲ್ಲುವುದಿಲ್ಲ. ತುಣುಕು ಕೆಡದಂತೆ ಫಾರ್ಮಲಿನ್ ಕುಡಿಸಿ, ಬಣ್ಣ ಹಾಕುವುದು ನನ್ನ ಕೆಲಸ. ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ ಹೇಳುವವರು ನಮ್ಮ ಡಾಕ್ಟರಮ್ಮ.

ಬಸ್ಸಿನ ಉಪ್ಪು

ಹರಪನಹಳ್ಳಿಯಿಂದ ಒಬ್ಬರು ತಮ್ಮ ತಾಯಿಯ ತುಣುಕು ತಂದರು. ಬಾಟಲಿಯಲ್ಲಿ ಫಾರ್ಮಲಿನ್ ವಾಸನೆಯೇ ಇಲ್ಲ!

“ಔಷಧಿ ನೀರು ಏನಾತ್ರಿ?”

“ಬಸ್ಸಿನಾಗ ಎಲ್ಲಾರ ಕಣ್ಣು ಉರದ್ವು, ಚೆಲ್ಲಿಬಿಟ್ಟೆ. ಕೆಡಬಾರದಂತ ಹೋಟ್ಲಾಗ ಉಪ್ಪು ಇಸ್ಕೊಂಡು ಹಾಕೀನ್ರಿ.”

ಪುಣ್ಯಕ್ಕೆ ಆಸ್ಪತ್ರೆಯಲ್ಲಿ ಇನ್ನೊಂದು ತುಣುಕು ಉಳಿದಿತ್ತು. ಆದರೂ ಬಾಟಲಿಯನ್ನು ಇನ್ನೊಮ್ಮೆ ಮೂಸಿ ನೋಡಿದೆ. ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದರು: “ಖಾರ ಹಾಕಿಲ್ರಿ.”

ತೊಟ್ಟು ಕೂಡಿರಲಿ

ಹಡಗಲಿಯಿಂದ ಬರುವ ದೊಡ್ಡ ಗಂಟುಗಳದ್ದು ಬೇರೆಯೇ ಗೋಳು. ಅಲ್ಲಿನ ಸರ್ಜನ್ ಇಡೀ ಗಂಟನ್ನೇ ಬಾಟಲಿಗೆ ಹಾಕಿ ಕಳಿಸುತ್ತಿದ್ದರು. ಸುತ್ತಲೂ ಗಟ್ಟಿ, ನಡುವೆ ಹಸಿ. ಫಾರ್ಮಲಿನ್ ಒಳಗೆ ಇಳಿದೇ ಇರುತ್ತಿರಲಿಲ್ಲ. ಕೆಟ್ಟ ನಡುಭಾಗ ನೋಡಿ ಏನು ಹೇಳುವುದು? ಅದರಲ್ಲೂ ಹಡಗಲಿಯಲ್ಲಿ ಆಪರೇಷನ್ ಆಗಲಿದ್ದ ಹೊಳಲಿನ ಒಬ್ಬ ಹೆಣ್ಣುಮಗಳ ಎದೆಯ ಗಂಟು ಬರುವುದಿತ್ತು. ಇರುವುದು ಒಂದೇ ಗಂಟು. ಅದು ಕೆಟ್ಟರೆ ಆಕೆಗೆ ಏನು ಉತ್ತರ ಕೊಡುವುದು?

ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿದ ಡಾಕ್ಟರಮ್ಮ ಎಣ್ಣೆಗಾಯಿ ಕೈಯಲ್ಲಿ ಹಿಡಿದವರು ತಿನ್ನಲೇ ಇಲ್ಲ. ಎಡಗೈಯಲ್ಲಿ ಹಡಗಲಿಯ ಸರ್ಜನ್ನರಿಗೆ ಫೋನ್ ಹಚ್ಚಿದರು.

“ಗಂಟು ತೆಗದ ಕೂಡ್ಲೆ ಎಣ್ಣಿಗಾಯಿ ಬದ್ನಿಕಾಯಿ ಸೀಳಿದಂಗ ಸೀಳಿ ಫಾರ್ಮಲಿನ್ನಿಗೆ ಹಾಕ್ರಿ. ತೊಟ್ಟಿನಂಗ ಒಂದು ಕಡಿ ಕೂಡಿರ್ಲಿ, ಬಿಡಿಬಿಡಿ ಆಗಬಾರದು.”

ಅತ್ತಲಿಂದ ಸರ್ಜನ್ನರ ದನಿ ಬಂತು: “ಗಂಟು ಬೇಕಾದಷ್ಟು ಕೊಯ್ದೀನ್ರಿ ಮೇಡಂ. ಬದ್ನಿಕಾಯಿ ಕೊಯ್ದಿಲ್ಲ. ಮನಿಯಾಕಿನ್ನ ಕೇಳಿ ಮಾಡ್ತೀನಿ.”

ಡಬ್ಬಿಯ ಪರೀಕ್ಷೆ

ಹೊಳಲಿನ ಗಂಟು ಬಂತು. ಸೀಳು ಅಚ್ಚುಕಟ್ಟು, ತೊಟ್ಟು ಭದ್ರ, ಫಾರ್ಮಲಿನ್ ನಡುವಿನ ತನಕ ಇಳಿದಿತ್ತು. ಡಾಕ್ಟರಮ್ಮ ಮೈಕ್ರೋಸ್ಕೋಪಿನಿಂದ ತಲೆ ಎತ್ತಿ “ಕ್ಯಾನ್ಸರ್ ಅಲ್ಲ” ಅಂದಾಗ ನನ್ನ ಕಣ್ಣು ತುಂಬಿ ಬಂದವು. ನಾನು ಎಂದೂ ಕಂಡಿರದ ಆ ಸರ್ಜನ್ನರ ಮನೆಯಾಕೆಗೆ ನಿಂತಲ್ಲೇ ಕೈ ಮುಗಿದೆ.

ಕೆಲವು ದಿನಗಳ ಮೇಲೆ ಆ ಹೆಣ್ಣುಮಗಳೇ ಡಬ್ಬಿ ಹಿಡಿದು ಬಂದಳು. ನಮ್ಮ ಬದನೆಕಾಯಿ ಕಥೆ ಆಕೆಗೆ ಗೊತ್ತಿಲ್ಲ.

“ನನ್ನ ಜೀವಕ್ಕ ಜೀವ ಬಂತ್ರಿ. ರೊಟ್ಟಿ, ಎಣ್ಣಿಗಾಯಿ ತಂದೀನಿ, ಉಣ್ರಿ.”

ಡಾಕ್ಟರಮ್ಮ ಒಂದು ಕಾಯಿ ತೆಗೆದು, ಲ್ಯಾಬಿನ ರೂಢಿಯಂತೆ ಚಮಚದಿಂದ ನಡುವೆ ಕತ್ತರಿಸಿ, ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ ನೋಡತೊಡಗಿದರು.

ಆಕೆಯ ಮುಖ ಬಿಳುಚಿತು. “ಯವ್ವಾ, ಅದರಾಗೂ ಏನಾರ ಐತೇನ್ರಿ?”

“ಏನಿಲ್ಲವ್ವ,” ಅಂದರು ಡಾಕ್ಟರಮ್ಮ, “ಮಸಾಲಿ ನಟ್ಟನಡುವಿಗೆ ಇಳದೈತಿ. ಆ ಸರ್ಜನ್ನಗೂ ಒಂದು ಕಳಸೋಣು, ನೋಡಿ ಬದ್ನಿಕಾಯಿ ಕೊಯ್ಯೂದೂ ಕಲೀಲಿ.”