ಎ.ಸಿ. ಹಾಲಿನ ಫುಟ್‌ಬಾಲೂ ನನ್ನ ರಜೆಯೂ

ನಾನು ದುಡಿಯುವ ಅರಬ್ಬರ ನಾಡಿನಲ್ಲಿ, ಉಮ್ಮ್ ಸಲಾಲ್ ಕಡೆ ಒಂದು ಎ.ಸಿ. ಫುಟ್‌ಬಾಲ್ ಹಾಲ್ ಉಂಟು. ಶುಕ್ರವಾರ ಬೆಳಿಗ್ಗೆ ಅಲ್ಲಿಗೆ ಹೋಗಿ, ಏನೂ ನಡೆಯದೆ ವಾಪಸ್ ಬಂದದ್ದೇ ಇಲ್ಲ. ನನಗೋ, ಯಾರು ಯಾಕೆ ಬಂದರು, ಎಂತ ಮಾಡುತ್ತಾರೆ ಎಂದು ಇಣುಕದಿದ್ದರೆ ತಿಂದದ್ದು ಕರಗುವುದಿಲ್ಲ. ಫುಟ್‌ಬಾಲ್ ಮಾತ್ರ ಗೊತ್ತಿರಲಿಲ್ಲ; ಶಾಲೆಯಲ್ಲಿ ಆಡಿದ್ದು ಲಗೋರಿ. ಆದರೂ ಆಫೀಸಿನ ಟೀಮಿಗೆ ಹೆಸರು ಕೊಟ್ಟೆ. ತಂಗಿಯ ಮದುವೆಗೆಂದು ಹದಿನೈದು ದಿನ ರಜೆ ಕೇಳಿದ ನನ್ನ ಅರ್ಜಿ ಮ್ಯಾನೇಜರರ ಮೇಜಿನ ಮೇಲೆ ಮಲಗಿ ಮೂರು ವಾರ ಆಗಿತ್ತು. ಅವರು ಉಡುಪಿ ಕಡೆಯವರು, ಫುಟ್‌ಬಾಲ್ ಹುಚ್ಚಿನವರು. ಅವರ ಕಣ್ಣಿಗೆ ಬೀಳುತ್ತಾ ಇದ್ದರೆ ಸಹಿಯೂ ಬಿದ್ದೀತು ಎಂಬ ಆಸೆ ನನ್ನದು.

ಮಾವ ನೋಡಿದ ಹುಲ್ಲು

ಆಗ ನನ್ನ ಮಾವ ವಿಸಿಟ್ ವೀಸಾದಲ್ಲಿ ಬಿನ್ ಒಮ್ರಾನಿನ ನಮ್ಮ ಫ್ಲ್ಯಾಟಿಗೆ ಬಂದಿದ್ದರು. ಆಟ ನೋಡಲಿ ಎಂದು ಕರೆದುಕೊಂಡು ಹೋದೆ. ಅವರು ಆಟ ಬಿಟ್ಟು ನೆಲ ನೋಡಿದರು. ಈ ಮರಳುಗಾಡಿನಲ್ಲಿ ಇಷ್ಟು ಹುಲ್ಲಿಗೆ ನೀರು ಹಾಕುವವರು ಯಾರು ಎಂದು ಕೇಳಿದರು. ಪ್ಲಾಸ್ಟಿಕ್ ಎಂದೆ. ಬಗ್ಗಿ ಉಗುರಿನಲ್ಲಿ ಕೀಳಲು ನೋಡಿದರು, ಬರಲಿಲ್ಲ. ಹೊರಗೆ ಬೆಂಕಿ ಬಿಸಿಲು, ಇಲ್ಲಿ ಇಷ್ಟು ತಂಪು ಹೇಗೆ ಎಂದರು. ಮೆಷಿನಿನ ಗಾಳಿ ಎಂದೆ.

ಅವತ್ತು ನಾವು ಒಂಬತ್ತು ಗೋಲು ತಿಂದೆವು. ಕಾರಿನಲ್ಲಿ ಮಾವ ಮೆಲ್ಲಗೆ ಹೇಳಿದರು:

"ಹುಲ್ಲು ಸುಳ್ಳು, ಗಾಳಿ ಸುಳ್ಳು. ಆಟವನ್ನಾದರೂ ನಿಜವಾಗಿ ಆಡಬಾರದಾ?"

ಗೆರೆ ದಾಟಿದವನು

ನಮ್ಮ ಸ್ಟೋರ್‌ಕೀಪರ್ ಬಂಟ್ವಾಳದವನು, ಪ್ರಾಯದಲ್ಲಿ ಕಬಡ್ಡಿ ಆಡಿ ಹೆಸರು ಮಾಡಿದವನು. ಆಳು ಗಟ್ಟಿ ಇದ್ದಾನೆಂದು ಗೋಲಿನ ಎದುರು ಕಾವಲಿಗೆ ನಿಲ್ಲಿಸಿದೆವು. ಎದುರಾಳಿಗಳು ಮಲಯಾಳಿಗಳು, ಅವರಿಗೆ ಕಾಲಿನಲ್ಲೇ ಬುದ್ಧಿ. ಅವರಲ್ಲೊಬ್ಬ ಸಪೂರದವ ಎಲ್ಲರನ್ನೂ ದಾಟಿ ಒಳಗೆ ನುಗ್ಗಿದ. ನಮ್ಮವನು ಚೆಂಡಿನ ಕಡೆ ನೋಡಲೇ ಇಲ್ಲ. ಮಂಡಿಯೂರಿ ಅವನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಬೀಳಿಸಿ, ಮೇಲೆ ಕವುಚಿಕೊಂಡ.

ಸುಡಾನಿ ರೆಫ್ರಿ ಸೀಟಿ ಊದಿ ಊದಿ ಸುಸ್ತಾದ. "ಖಲಾಸ್, ಖಲಾಸ್" ಎಂದು ಭುಜ ಹಿಡಿದು ಎಳೆದರೂ ಇವನು ಬಿಡುವುದಿಲ್ಲ. ನಾಲ್ಕು ಮಂದಿ ಸೇರಿ ಬಿಡಿಸಿ, ಎಂತ ಮಾರಾಯ ಇದು ಎಂದು ಕೇಳಿದೆವು. ಅವನಿಗೆ ನಿಜವಾಗಿಯೂ ಆಶ್ಚರ್ಯ.

"ನಮ್ಮ ಗೆರೆ ದಾಟಿ ಬಂದವನನ್ನು ವಾಪಸ್ ಬಿಡುವುದುಂಟಾ?"

ನಾನು ಹೊಡೆದ ಒಂದೇ ಗೋಲು

ಮದುವೆಗೆ ಉಳಿದದ್ದು ಹತ್ತೇ ದಿನ. ಅರ್ಜಿ ಮಲಗಿದಲ್ಲೇ ಇತ್ತು. ಅಮ್ಮ ದಿನಾ ಫೋನು ಮಾಡಿ ಟಿಕೆಟ್ ಆಯಿತಾ ಎಂದು ಕೇಳುತ್ತಿದ್ದರು. ಅಷ್ಟರಲ್ಲಿ ಆಫೀಸಿನವರೇ ಎರಡು ಪಾಲಾಗಿ ಐದು ಶುಕ್ರವಾರ ಆಡುವುದೆಂದು ಮ್ಯಾನೇಜರ್ ಸಾರಿದರು. ಚೀಟಿ ಎತ್ತಿದಾಗ ಅವರು ಎದುರು ಪಾಲಿಗೆ ಹೋದರು. ಅಲ್ಲಿ ಗೋಲ್‌ಕೀಪರ್ ಅವರೇ.

ಮೊದಲ ಶುಕ್ರವಾರ ಯಾರೂ ಅವರಿಗೆ ಗೋಲು ಹೊಡೆಯಲಿಲ್ಲ. ಎಲ್ಲರಿಗೂ ಸಂಸಾರ ಉಂಟಲ್ಲ. ಎರಡೂ ಕಡೆ ಸೊನ್ನೆ. ಮುಗಿಯಲು ಅರ್ಧ ನಿಮಿಷ ಇರುವಾಗ, ಎಂತ ಕರ್ಮವೋ, ಚೆಂಡು ನನ್ನ ಕಾಲಿಗೇ ಬಂತು. ಎದುರಿಗೆ ಮ್ಯಾನೇಜರ್ ಒಬ್ಬರೇ. ಹಿಂದಿನಿಂದ ನಮ್ಮವರು "ಯಲ್ಲಾ, ಹೊಡಿ" ಎನ್ನುತ್ತಾರೆ. ನನ್ನ ಕಣ್ಣೆದುರು ಮದುವೆ ಚಪ್ಪರ. ಗೋಲಿನ ಸಹವಾಸವೇ ಬೇಡವೆಂದು ಗೋಲಿನಿಂದ ಆಚೆ, ಹಿಂಬದಿಯ ಗೋಡೆಗೆ ಗುರಿಯಿಟ್ಟು ಜೋರಾಗಿ ಒದ್ದೆ.

ಆ ಹಾಲಿನಲ್ಲಿ ಗೋಡೆಗೆ ತಾಗಿದರೂ ಆಟ ನಿಲ್ಲುವುದಿಲ್ಲ. ಚೆಂಡು ಗೋಡೆಗೆ ಬಡಿದು ತಿರುಗಿ ಬಂದು, ಮುಂದೆ ಓಡಿ ಬಂದಿದ್ದ ಮ್ಯಾನೇಜರರ ಬೆನ್ನಿಗೆ ಬಿದ್ದು, ಪುಟಿದು ಸೀದಾ ಗೋಲಿನೊಳಗೆ. ನಮ್ಮವರು ನನ್ನನ್ನು ಹೆಗಲ ಮೇಲೆ ಹೊತ್ತರು. ನಾನು ಇಳಿಸಿ, ಇಳಿಸಿ ಎಂದು ಅಳುವುದೊಂದು ಬಾಕಿ. ಮ್ಯಾನೇಜರ್ ಬೆನ್ನು ಉಜ್ಜಿಕೊಳ್ಳುತ್ತಾ ಹೊರಟುಹೋದರು.

ಇಲ್ಲಿ ವಾರದ ರಜೆ ಶುಕ್ರ, ಶನಿ; ಭಾನುವಾರ ಲುಸೈಲ್‌ನ ಆಫೀಸಿಗೆ ಕಾಲಿಟ್ಟ ಕೂಡಲೇ ಮ್ಯಾನೇಜರರ ಕರೆ ಬಂತು. ನನ್ನ ಅರ್ಜಿಯನ್ನು ಮುಂದೆ ತಳ್ಳಿದರು. ಸಹಿ ಬಿದ್ದಿತ್ತು. ಕಣ್ಣು ತುಂಬಿ ಬಂತು. ಮತ್ತೆ ನೋಡಿದರೆ ಹದಿನೈದು ಹೊಡೆದುಹಾಕಿ ಮೂವತ್ತು ಎಂದು ಬರೆದಿದೆ.

"ಸಾರ್, ನಾನು ಕೇಳಿದ್ದು ಹದಿನೈದೇ ದಿನ."

"ಗೊತ್ತುಂಟು ಮಾರಾಯ. ಇನ್ನೂ ನಾಲ್ಕು ಶುಕ್ರವಾರ ಮ್ಯಾಚ್ ಉಂಟು. ಎಲ್ಲ ಮುಗಿದ ಮೇಲೇ ಬಾ."