ಬರದ ಕಚೇರಿಗಳಲ್ಲಿ ಚಂಡಮಾರುತದ ಮೇಡಂ

ನನ್ನ ಕೆಲಸದಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಡೆದಾಗ ನನಗೆ ಮೈಯೆಲ್ಲ ಉರಿಯುತ್ತದೆ, ಹೇಳಿದಾಗ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ನಾನು ಭಾಲ್ಕಿಯವಳು. ಬಂಗಾಳ ಕೊಲ್ಲಿಯಲ್ಲಿ ಎದ್ದ ಚಂಡಮಾರುತ ಆಂಧ್ರ, ತೆಲಂಗಾಣ ದಾಟಿ ಬೀದರ್ ಕಡೆ ಬರುವ ಹೊತ್ತಿಗೆ ಎಷ್ಟು ಮಳೆ ಉಳಿಸಿಕೊಂಡಿರುತ್ತದೆ ಎನ್ನುವುದು ನನ್ನ ಸಂಶೋಧನೆ. ಅದಕ್ಕಾಗಿ ಹಳ್ಳಿ ಹಳ್ಳಿಯ ಮಳೆ ಲೆಕ್ಕ ಬೇಕಾಗುತ್ತದೆ. ನಾನು ಊರೂರು ತಿರುಗಿದ್ದು, ಜನ ಊರು ಬಿಟ್ಟದ್ದು, ಎರಡೂ ಒಂದರ ಹಿಂದೊಂದು ಬಂದ ಎರಡು ಬರದ ವರ್ಷಗಳಲ್ಲಿ.

೧. ಭಾನುವಾರ ಬಾರದ ಮಳೆ

ಔರಾದ ಕಡೆಯ ಒಂದು ಹಳ್ಳಿಯ ಲೆಕ್ಕ ನೋಡಿ ನಾನು ದಂಗಾದೆ. ಸುತ್ತ ಎಲ್ಲೂ ಹನಿ ಬಿದ್ದಿಲ್ಲ. ಅಲ್ಲಿ ಮಾತ್ರ ದಿನಾ ಸಣ್ಣ ಮಳೆ. ಭಾನುವಾರ ಇಲ್ಲ, ಹಬ್ಬದ ದಿನ ಇಲ್ಲ. ಎರಡು ದಿನ ಪುಸ್ತಕ ತಿರುವಿ ಹಾಕಿದೆ. ರಜೆ ತೆಗೆದುಕೊಳ್ಳುವ ಮಳೆಯ ಬಗ್ಗೆ ಯಾರೂ ಬರೆದಿರಲಿಲ್ಲ. ಕೊನೆಗೆ ಬಸ್ಸು ಹತ್ತಿ ಹೋದೆ.

ಬಯಲಿನಲ್ಲಿರಬೇಕಾದ ಮಳೆ ಮಾಪಕ ಕಚೇರಿಯ ಕಿಟಕಿಯ ಕೆಳಗಿತ್ತು. ದನ ಗುದ್ದುತ್ತವೆಂದು ಅಲ್ಲಿಟ್ಟಿದ್ದರಂತೆ.

"ಇದರಾಗ ನೀರು ಎಲ್ಲಿಂದ ಬರ್ತದ್ರಿ?" ಎಂದು ಸಿಪಾಯಿಯನ್ನು ಕೇಳಿದೆ.

"ಸಾಹೇಬರು ಊಟ ಆದಮ್ಯಾಲ ಕಿಟಕಿದಾಗಿಂದ ಕೈ ತೊಳೀತಾರ್ರಿ," ಎಂದ ಅವನು.

ಆ ಮಳೆಯನ್ನು ನಂಬಿ ಆ ಭಾಗವನ್ನು ಬರದ ಪಟ್ಟಿಯಿಂದ ಕೈಬಿಟ್ಟಿದ್ದರು. ದನಗಳಿಗೆ ಮೇವಿಲ್ಲ, ಜನಕ್ಕೆ ಕೂಲಿಯಿಲ್ಲ. ನಾನು ಒಳಗೆ ನುಗ್ಗಿ ಬಾಯಿಗೆ ಬಂದಂತೆ ಮಾತಾಡಿದೆ. ಸಾಹೇಬರು ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡರು. ಆಮೇಲೆ ನಿಜವಾದ ಚಿಂತೆಯಿಂದ ಕೇಳಿದರು: "ಹಂಗಾದ್ರ ನಾ ಇನ್ನ ಕೈ ಎಲ್ಲಿ ತೊಳೀಬೇಕ್ರಿ ಮೇಡಂ?"

೨. ಕೈ ಎತ್ತರಿ

ಅದೇ ವರ್ಷ ಗುಳೆ ಹೋದವರ ಸಮೀಕ್ಷೆ ನಡೆಯಿತು. ಮಳೆಗೂ ಗುಳೆಗೂ ಇರುವ ನಂಟು ನನಗೂ ಬೇಕಿತ್ತು, ಹಾಗಾಗಿ ಗುಮಾಸ್ತರೊಬ್ಬರ ಜೊತೆ ಠಾಣಾ ಕುಶನೂರ ಹತ್ತಿರದ ಹಳ್ಳಿಗೆ ಹೋದೆ. ಓಣಿ ತುಂಬ ಬೀಗ. ಊರಲ್ಲಿ ಉಳಿದಿದ್ದ ಹತ್ತು ಹನ್ನೆರಡು ಮಂದಿಯನ್ನು ಗುಮಾಸ್ತರು ಕಟ್ಟೆಯ ಮೇಲೆ ಕೂರಿಸಿದರು.

"ಗುಳೆ ಹೋದವರು ಯಾರ್ಯಾರು ಅದೀರಿ, ಕೈ ಎತ್ತರಿ."

ಯಾರೂ ಎತ್ತಲಿಲ್ಲ. ಅವರು 'ಗುಳೆ: ಇಲ್ಲ' ಎಂದು ಬರೆದುಕೊಂಡರು.

ಕಿರಾಣಿ ಅಂಗಡಿಯ ಹೆಂಗಸು ಎದ್ದು ನಿಂತಳು. ಸೊಂಟದಲ್ಲಿದ್ದ ದೊಡ್ಡ ಕೀಲಿ ಗೊಂಚಲು ತೆಗೆದು ಅವರ ಮುಂದೆ ಹಿಡಿದಳು. "ಇವು ನನ್ನ ಮನಿ ಕೀಲಿ ಅಲ್ರಿ. ಹೈದರಾಬಾದಿಗಿ ಹೋದೋರು ಕೊಟ್ಟು ಹೋಗ್ಯಾರ. ಇವನ್ನ ಎಣಿಸಿ ಬರ್ಕೋರಿ."

"ಕೀಲಿಗೆ ಕಾಲಂ ಇಲ್ಲವ್ವ."

ನನಗೆ ತಡೆಯಲಾಗಲಿಲ್ಲ. "ಷರಾ ಅಂತ ಜಾಗ ಅದಲ್ರಿ, ಅಲ್ಲಿ ಬರೀರಿ," ಎಂದು ಗದರಿದೆ. ಅವರು ಬರೆದರು. ಏನು ಬರೆದರೆಂದು ಇಣುಕಿ ನೋಡಿದೆ: 'ಗ್ರಾಮಸ್ಥರು ಪರಸ್ಪರ ವಿಶ್ವಾಸದಿಂದ ಬಾಳುತ್ತಿದ್ದಾರೆ.'

೩. ವಿಜ್ಞಾನಿ ಸಾಹೇಬರು

ಬೀದರ್‌ನಲ್ಲಿ ಬರದ ಬಗ್ಗೆ ಒಂದು ಸಭೆ, ನನ್ನನ್ನೂ ಕರೆದಿದ್ದರು. ಬಾಗಿಲಲ್ಲಿ ನಿಂತವರು ನನ್ನನ್ನು ದಾಟಿ ಹೋಗಿ, ಬಿಳಿ ಅಂಗಿ ಹಾಕಿದ್ದ ನನ್ನ ಬಾಡಿಗೆ ಜೀಪಿನ ಡ್ರೈವರಿಗೆ ಶಾಲು ಹೊದಿಸಿ ಮೊದಲ ಸಾಲಿನಲ್ಲಿ ಕೂರಿಸಿದರು. ನನಗೆ ಹಿಂದಿನ ಸಾಲಿನಲ್ಲಿ ಜಾಗ ತೋರಿಸಿದರು. ಎರಡು ಮಾತಾಡಿ ಎಂದು ಅವನಿಗೆ ಮೈಕು ಕೊಟ್ಟರು.

ಅವನು ನನ್ನ ಕಡೆ ನೋಡಿದ. ನಾನು, ಮಾತಾಡು, ಎಂದು ಸನ್ನೆ ಮಾಡಿದೆ.

"ಮಂದಿ ನೀರಿಲ್ದ ಊರು ಬಿಡ್ಲತ್ತಾರ್ರಿ. ಮೊದಲ ಟ್ಯಾಂಕರ್ ಕಳಸ್ರಿ," ಎಂದ.

ಎಲ್ಲರೂ ತಲೆಯಾಡಿಸಿ ಬರೆದುಕೊಂಡರು. ಒಂದು ವರ್ಷದಿಂದ ನಾನು ಪತ್ರದ ಮೇಲೆ ಪತ್ರ ಬರೆದದ್ದು ಇದನ್ನೇ. ಮರುವಾರ ಟ್ಯಾಂಕರ್ ಬಂತು. ಆಮೇಲೆ ಯಾವ ಸಭೆಯಿದ್ದರೂ ಡ್ರೈವರ್ ತಾನಾಗಿಯೇ ಕೇಳುತ್ತಿದ್ದ: "ಕೆಲಸ ಆಗಬೇಕಾಗ್ಯದೋ, ನೀವ ಮಾತಾಡ್ತೀರೋ ಮೇಡಂ?"

೪. ದೋಣಿಗಳು ಸುರಕ್ಷಿತ

ಎರಡು ವರ್ಷದ ಬರದ ನಂತರ ಸೋಯಾ ಒಂದಿಷ್ಟು ಕೈಗೆ ಬಂದಿತ್ತು. ಕೊಯ್ದು ಹೊಲದಲ್ಲೇ ಒಣಹಾಕಿದ್ದರು. ಆಗಲೇ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿತು. ಅದರ ದಾರಿ ನೋಡಿದರೆ ಮೂರು ದಿನದಲ್ಲಿ ಭಾಲ್ಕಿ ಮೇಲೆ ಜೋರು ಮಳೆ ಖಂಡಿತ. ಇಷ್ಟು ವರ್ಷ ಓದಿದ್ದು ಇದಕ್ಕೇ ಅಲ್ಲವೇ ಎಂದುಕೊಂಡು ಕಚೇರಿಯೊಂದಕ್ಕೆ ಪತ್ರ ಕಳಿಸಿದೆ, ಫೋನೂ ಮಾಡಿದೆ. ಹಳ್ಳಿಗಳಲ್ಲಿ ಡಂಗುರ ಹೊಡೆಸಿ, ರಾಶಿ ಮುಚ್ಚಿಸಿ ಎಂದೆ.

"ಪತ್ರ ಸಂಬಂಧಪಟ್ಟೋರಿಗೆ ಕಳಿಸೇವ್ರಿ," ಎಂದರು.

ಎರಡು ದಿನ ಕಳೆದರೂ ಡಂಗುರದ ಸುದ್ದಿಯಿಲ್ಲ. ಭಾಲ್ಕಿ ತಾಲ್ಲೂಕಿನ ಸಾಯಗಾಂವದಲ್ಲಿದ್ದ ನಮ್ಮ ಕಾಕಿಗೆ ಫೋನ್ ಹಚ್ಚಿದೆ.

"ಕಾಕಿ, ಸೋಯಾ ಹೊಲದಾಗ ಬಿಟ್ಟೀಯೇನು?"

"ಬಿಟ್ಟೀನಿ. ಬಿಸಲು ಚಲೋ ಅದಲ್ಲ."

"ಈಗಿಂದೀಗ ಕೂಡಿಸಿ ತಾಡಪತ್ರಿ ಹೊಚ್ಚು. ನಾಳಿ ಮಳಿ ಬರ್ತದ. ಓಣಿಯವರಿಗೂ ಹೇಳು."

ಕಾಕಿ ಮನೆ ಮನೆಗೆ ಹೋಗಿ ಹೇಳಿದಳು. ನಕ್ಕವರು ನಕ್ಕರು, ನಂಬಿದವರು ಮುಚ್ಚಿದರು. ಮರುದಿನ ಶುರುವಾದ ಮಳೆ ಎರಡು ದಿನ ಬಿಡಲಿಲ್ಲ. ತಗ್ಗಿನ ಹೊಲಗಳು ಕೆರೆಯಾದವು. ಮುಚ್ಚಿದ ರಾಶಿ ಉಳಿಯಿತು. ಸುತ್ತಲ ಊರುಗಳಲ್ಲಿ ಸೋಯಾ ಬಿದ್ದಲ್ಲೇ ಮೊಳಕೆ ಒಡೆಯಿತು. ಎರಡು ವರ್ಷ ಕಾದು ಬೆಳೆದದ್ದು.

ವಾರದ ಮೇಲೆ ನನ್ನ ಪತ್ರಕ್ಕೆ ಉತ್ತರ ಬಂತು. ವಿಷಯ ಚಂಡಮಾರುತವಾದ್ದರಿಂದ ಪತ್ರವನ್ನು ಮೀನುಗಾರಿಕೆ ವಿಭಾಗಕ್ಕೆ ಕಳಿಸಿದ್ದರು. ಕಾಕಿಗೆ ಫೋನ್ ಮಾಡಿ, ಹಲ್ಲು ಕಡಿಯುತ್ತ ಓದಿ ಹೇಳಿದೆ: "ತಮ್ಮ ಎಚ್ಚರಿಕೆಗೆ ಧನ್ಯವಾದಗಳು. ನಮ್ಮ ತಾಲ್ಲೂಕಿನ ಮೀನುಗಾರರು ಯಾರೂ ಸಮುದ್ರಕ್ಕೆ ಇಳಿದಿರುವುದಿಲ್ಲ. ದೋಣಿಗಳೆಲ್ಲ ಸುರಕ್ಷಿತವಾಗಿವೆ."



"ಹಂಗಾದ್ರ ಒಂದು ದೋಣಿ ಇತ್ತ ಕಳಸಂತ ಬರಿ," ಎಂದಳು ಕಾಕಿ. "ಕೆಳಗಿನ ಹೊಲಕ್ಕ ಹೋಗಿ ಬರಬೇಕಾಗ್ಯದ."