ಮೊದಲನೇ ಪುಟದಲ್ಲೇ ಸತ್ತ ಗಂಡ

ಸೇಡಿನ ಕಥೆ ಬರೆಯುವವರಿಗೆ ಒಂದು ಹೆಣ ಬೇಕೇ ಬೇಕು. ಅದೂ ಮೊದಲನೇ ಪುಟದಲ್ಲೇ ಬೇಕು. ಯಾರೂ ಸಾಯದೆ ಸೇಡಿಗೆ ಹೊರಟರೆ ಜನ ಅದನ್ನು ಜಗಳಗಂಟಿತನ ಎನ್ನುತ್ತಾರೆಯೇ ಹೊರತು ವೀರಾವೇಶ ಎನ್ನುವುದಿಲ್ಲ. ಆದರೆ ಹೆಣವನ್ನು ಎಲ್ಲಿಂದ ತರುವುದು? ಓಣಿಯವರನ್ನು ಕೊಂದರೆ ಅವರ ಮನೆಯವರು ಬಾಗಿಲಿಗೆ ಬರುತ್ತಾರೆ. ತವರಿನವರನ್ನು ಕೊಲ್ಲಲು ಮನಸ್ಸು ಬರುವುದಿಲ್ಲ. ಹಾಗಾಗಿ ನಾನು ಕೈಗೆ ಸಿಕ್ಕ ಗಂಡನನ್ನೇ ಕೊಂದೆ. ಇದಕ್ಕಾಗಿ ನಾನು ಅಂದೂ ಯಾರ ಕ್ಷಮೆಯನ್ನೂ ಕೇಳಲಿಲ್ಲ, ಇಂದೂ ಕೇಳುವುದಿಲ್ಲ.

ನಾನು ಬನಹಟ್ಟಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ವರ್ಷಗಟ್ಟಲೆ ಮಾವಿನಹಣ್ಣು, ನವಿಲು, ಎರಡು ಗುಡ್ಡಗಳ ನಡುವಿನ ಸೂರ್ಯ ಇವನ್ನೇ ಬಿಡಿಸಿ ತಲೆ ಕೆಟ್ಟುಹೋಗಿತ್ತು. ಒಂದು ಶ್ರಾವಣದಲ್ಲಿ ಸುಮ್ಮನೆ ಕುಳಿತವಳು ಒಬ್ಬ ಹೆಂಗಸನ್ನು ಬಿಡಿಸಿದೆ. ಇಳಕಲ್ ಸೀರೆ, ಗಟ್ಟಿಯಾಗಿ ಹಾಕಿದ ಕಚ್ಚೆ, ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ, ಪಕ್ಕದಲ್ಲಿ ಮುಧೋಳದ ಬೇಟೆನಾಯಿ. ಹೆಸರು ಸಿಡಿಲವ್ವ. ಆಕೆಯ ಸುತ್ತ ಒಂದು ಚಿತ್ರಕಥೆಯೇ ಬೆಳೆಯಿತು. ಜಮಖಂಡಿಯ ಗುಡ್ಡದಿಂದ ಜಿಗಿದರೆ ನೇರ ಚಿಕ್ಕಪಡಸಲಗಿಯ ಬ್ಯಾರೇಜಿನ ಮೇಲೆ ಇಳಿಯುತ್ತಿದ್ದಳು. ಅಷ್ಟು ದೂರ ಹಾರಿದರೂ ಆಕೆಯ ಸೆರಗು ಜಾರುತ್ತಿರಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ಮೂರು ಸಲ ಸೆರಗು ಸರಿಪಡಿಸಿಕೊಳ್ಳುವ ನನಗೆ ಆಕೆಯ ಶಕ್ತಿಗಳಲ್ಲೆಲ್ಲ ಇದರ ಮೇಲೆಯೇ ಹೊಟ್ಟೆಕಿಚ್ಚು.

ಇಂಥವಳಿಗೆ ತಕ್ಕ ದುಷ್ಟರು ಬೇಡವೇ? ದುಷ್ಟರ ವಿಷಯದಲ್ಲಿ ನನಗೆ ತಡಕಾಡುವ ಪ್ರಸಂಗ ಬರಲಿಲ್ಲ. ನಮ್ಮ ಕಡೆ ಬೆಲ್ಲದ ಪೇಟೆಯಲ್ಲಿ ದಲಾಲರೂ ಖರೀದಿದಾರರೂ ಒಂದು ಟವೆಲ್ಲಿನ ಕೆಳಗೆ ಕೈ ಹಾಕಿ, ಬೆರಳು ಹಿಡಿದು ದರ ಮಾತಾಡುತ್ತಿದ್ದರು. ಬೆಲ್ಲ ತಂದವನು ಟವೆಲ್ಲು ಅಲುಗಾಡುವುದನ್ನಷ್ಟೇ ನೋಡುತ್ತ ನಿಲ್ಲಬೇಕು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಹೋಗಿ ನಾನೂ ಹಾಗೆ ನಿಂತಿದ್ದೇನೆ. ಒಳಗೆ ಏನು ನಡೆಯಿತು ಎಂದು ಅಪ್ಪನನ್ನು ಕೇಳಿದರೆ ಅವನು ನನ್ನ ಬಾಯಿಗೆ ಒಂದು ಚೂರು ಬೆಲ್ಲ ಇಟ್ಟು ಸುಮ್ಮನಾಗಿಸಿದ. ನಮ್ಮ ಬೆಲ್ಲ, ನಮ್ಮ ಎದುರಿಗೇ ಮಾರಾಟ, ಆದರೂ ನಮಗೇ ಕಾಣಬಾರದು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ನನ್ನ ಕಥೆಯ ದುಷ್ಟರೇ ಟವೆಲ್ ಗ್ಯಾಂಗ್. ಹಿಂದಿನ ದಿನವೇ ಚಹಾ ಕುಡಿಯುತ್ತ ದರ ಗೊತ್ತುಮಾಡಿಕೊಂಡು, ಮರುದಿನ ಟವೆಲ್ಲಿನ ನಾಟಕ ಆಡುವವರು. ಯಾರಾದರೂ ಬಾಯಿ ಬಿಟ್ಟರೆ ಕಬ್ಬಿನಹಾಲು ಕುದಿಯುವ ಕೊಪ್ಪರಿಗೆಗೆ ಎಸೆಯುವವರು. ಸಿಡಿಲವ್ವನ ಕಾನೂನು ಒಂದೇ: ಟವೆಲ್ಲಿನ ಕೆಳಗೆ ಹೋದ ಕೈ ಪೂರ್ತಿ ಹೊರಗೆ ಬರಬಾರದು. ಒಂದು ಪುಟದಲ್ಲಿ ಕೊಯ್ತಾ ಬೀಸಿದರೆ ಮುಂದಿನ ಪುಟದ ತುಂಬ ಬೆರಳುಗಳು. ನಾನು ಹಂಚುತ್ತಿದ್ದ ಝೆರಾಕ್ಸ್ ಪ್ರತಿಗಳಲ್ಲಿ ರಕ್ತ ಕಪ್ಪಾಗಿ ಬರುತ್ತಿತ್ತು, ಆದರೂ ಓದುವವರು ಯಾರೂ ತಕರಾರು ಮಾಡಲಿಲ್ಲ.

ತಕರಾರು ಬಂದದ್ದು ಮನೆಯಿಂದ. ನಮ್ಮವರು ಬೆಲ್ಲದ ದಲಾಲಿ ನಡೆಸುವ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರು. ಕಥೆಯ ಮೊದಲ ಪುಟದಲ್ಲಿ ಸಿಡಿಲವ್ವನ ಗಂಡ, ಒಬ್ಬ ಪ್ರಾಮಾಣಿಕ ಗುಮಾಸ್ತ, ಟವೆಲ್ಲಿನ ಗುಟ್ಟನ್ನು ರೈತನೊಬ್ಬನಿಗೆ ಹೇಳಿ ಕೊಲೆಯಾಗುತ್ತಾನೆ. ದಪ್ಪ ಮೀಸೆ, ಸಣಕಲು ಕಾಲು, ಸೈಕಲ್ಲಿಗೆ ಕಟ್ಟಿದ ಊಟದ ಡಬ್ಬಿ. ಅವರಿಗೆ ತಮ್ಮ ಗುರುತು ಸಿಗಲು ಹೊತ್ತು ಹಿಡಿಯಲಿಲ್ಲ. ಸತ್ತದ್ದಕ್ಕೆ ಅವರಿಗೆ ಅಷ್ಟು ಬೇಸರವಿರಲಿಲ್ಲವಂತೆ. ಬೇಸರ ಬೇರೆಯದಕ್ಕೆ. ಒಂದು ಚೌಕದಲ್ಲಿ ಗಂಡ ಬಿದ್ದರೆ, ಪಕ್ಕದ ಚೌಕದಲ್ಲೇ ಸಿಡಿಲವ್ವ ಕೊಯ್ತಾ ಮಸೆಯುತ್ತಿದ್ದಾಳೆ.

"ಗಂಡ ಸತ್ತಾನ. ಒಂದು ಹನಿ ಕಣ್ಣೀರು ಬ್ಯಾಡೇನು ಆಕಿಗೆ?"

"ಆಕಿಗೆ ಪುರಸೊತ್ತಿಲ್ಲರಿ," ಎಂದೆ.

ಅತ್ತೆಯವರದು ಇನ್ನೊಂದು ಬಗೆಯ ನೋವು. ತಮ್ಮ ಮಗನನ್ನು ಕೊಲ್ಲಲು ನನಗೆ ಶ್ರಾವಣ ಸೋಮವಾರವೇ ಬೇಕಾಗಿತ್ತೇ ಎಂದು ಅವರು ಓಣಿಗೆಲ್ಲ ಕೇಳಿಕೊಂಡು ಬಂದರು. ಆಮೇಲೆ ತಾವೇ ಒಂದು ದಾರಿ ತೋರಿಸಿದರು: ಅವನು ಸತ್ತಿಲ್ಲ, ಮೂರ್ಛೆ ಹೋಗಿದ್ದಾನೆ, ಜಮಖಂಡಿಯ ದವಾಖಾನೆಯಲ್ಲಿದ್ದಾನೆ ಎಂದು ಮಾಡಿಬಿಡು. ನಾನು ಖಡಾಖಂಡಿತವಾಗಿ ಆಗುವುದಿಲ್ಲವೆಂದೆ. ಮೂರ್ಛೆ ಹೋದ ಗಂಡನಿಗಾಗಿ ಯಾರೂ ಬೆರಳು ಕತ್ತರಿಸುತ್ತ ತಿರುಗುವುದಿಲ್ಲ. ಸಲೈನ್ ಬಾಟಲಿ ನೋಡುತ್ತ, ಮೋಸಂಬಿ ಸುಲಿಯುತ್ತ ಕೂರುತ್ತಾರೆ. ಅಂಥ ಕಥೆಯನ್ನು ಯಾರು ಓದುತ್ತಾರೆ?

ಓದುವವರಂತೂ ದಿನದಿಂದ ದಿನಕ್ಕೆ ಹೆಚ್ಚಾದರು. ಶಾಲೆಯ ಹುಡುಗಿಯರಿಂದ ಮಗ್ಗದ ಮನೆಗಳಿಗೆ, ಅಲ್ಲಿಂದ ಮುಧೋಳಕ್ಕೆ, ಬೀಳಗಿಗೆ, ಕೊನೆಗೆ ಪೇಟೆಗೇ ಸಿಡಿಲವ್ವ ಹೋಗಿ ಮುಟ್ಟಿದಳು. ಒಂದು ದಿನ ನಮ್ಮವರು ದುಡಿಯುವ ಅಂಗಡಿಯ ಮುಂದೆ ಅದರ ಸಾಹುಕಾರರು ಟವೆಲ್ಲು ಹರಡಿದಾಗ ಬೆಲ್ಲ ತಂದಿದ್ದ ರೈತನೊಬ್ಬ, ಬೆರಳು ಜೋಪಾನ, ಸಿಡಿಲವ್ವ ಬಂದಾಳು ಎಂದನಂತೆ. ಇಡೀ ಪೇಟೆ ನಕ್ಕಿತಂತೆ. ಆ ಭಾನುವಾರವೇ ಸಾಹುಕಾರರು ನಮ್ಮ ಮನೆಗೆ ಬಂದರು.

ಬಂದವರು ಕೂಗಾಡಲಿಲ್ಲ. ಭಯವಾದದ್ದೇ ಅದಕ್ಕೆ. ಚಹಾ ಕುಡಿದರು, ಅತ್ತೆಯವರ ಮೊಣಕಾಲು ನೋವು ವಿಚಾರಿಸಿದರು. ಆಮೇಲೆ ಝೆರಾಕ್ಸ್ ಪ್ರತಿಯನ್ನು ತೆಗೆದು ಮುಂದಿಟ್ಟು, ಕಥೆ ಚೆನ್ನಾಗಿದೆ, ಆದರೆ ದುಷ್ಟರನ್ನು ಮುಂಬೈಯ ಕಳ್ಳಸಾಗಣೆದಾರರನ್ನಾಗಿ ಮಾಡಬಾರದೇಕೆ ಎಂದರು. ಟವೆಲ್ಲಿನ ಬದಲು ಕರೀ ಕನ್ನಡಕ ಹಾಕಿದರೆ ಇನ್ನೂ ಶೋಭಿಸುತ್ತದಂತೆ. ನಾನು ಖಾಲಿ ಕಪ್ಪುಗಳನ್ನು ತಟ್ಟೆಗೆ ಎತ್ತಿಕೊಂಡೆ. ಆಗ ದನಿ ಇಳಿಸಿದರು.

"ಅಕ್ಕೋರ, ನಿಮ್ಮ ಮನ್ಯಾನ ಗಂಡಸು ನಮ್ಮ ಅಂಗಡ್ಯಾಗ ದುಡಿತಾನ. ಇದನ್ನ ಬಂದ್ ಮಾಡ್ರಿ."

ಸಿಡಿಲವ್ವನಾದರೆ ಈ ಹೊತ್ತಿಗೆ ಛಾವಣಿ ಸೀಳಿಕೊಂಡು ಹೋಗಿ ಕೊಯ್ತಾ ಸಮೇತ ವಾಪಸು ಬರುತ್ತಿದ್ದಳು. ನನ್ನ ಕೈಯಲ್ಲಿ ಚಹಾದ ತಟ್ಟೆ ಇತ್ತು. ಆದರೂ, ಬಂದ್ ಮಾಡುವುದಿಲ್ಲ ಎಂದೆ. ಸಾಹುಕಾರರು ನಮ್ಮವರ ಕಡೆ ತಿರುಗಿ, ನೀನಾದರೂ ಹೇಳು ಎಂದರು. ನಾನು ತಲೆ ತಗ್ಗಿಸಿದೆ. ಮೊದಲನೇ ಪುಟದಿಂದಲೂ ಮುನಿಸಿಕೊಂಡಿದ್ದ ಮನುಷ್ಯ. ಇದಕ್ಕಿಂತ ಒಳ್ಳೆಯ ಅವಕಾಶ ಅವರಿಗೆ ಸಿಗುವಂತಿರಲಿಲ್ಲ.

ನಮ್ಮವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಸಾಹುಕಾರ್ರ, ಇದರಾಗ ಸತ್ತಾಂವ ನಾ. ನಾನ ಸುಮ್ಮ ಅದೇನಿ. ಬರೇ ಬೆರಳ ಹೋದದ್ದಕ್ಕ ನೀವ್ಯಾಕ ಇಷ್ಟ ಸಿಟ್ಟಾಗತೀರಿ?"

ಸಾಹುಕಾರರು ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡು ಜೇಬಿಗೆ ಇಳಿಸಿಕೊಂಡರು. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದರು. ಅವರು ಓಣಿ ದಾಟುವವರೆಗೆ ಕಾದು ಅತ್ತೆಯವರು, ಇನ್ನು ಕಥೆಯಲ್ಲಿ ಈ ದಪ್ಪ ಸಾಹುಕಾರನನ್ನೂ ಬಿಡಬೇಡ ಎಂದು ನನಗೆ ಹೇಳಿದರು. ಮರುದಿನ ಬೆಳಿಗ್ಗೆ ಅಂಗಡಿಯಿಂದ ಸುದ್ದಿ ಬಂತು. ಇನ್ನು ಮುಂದೆ ನಮ್ಮವರು ಕೆಲಸಕ್ಕೆ ಬರುವುದು ಬೇಡ.

ನಾನು ಕೆಲಸ ಹೋದವರನ್ನು ಸಮಾಧಾನ ಮಾಡಬೇಕಾಗಿತ್ತು. ಅದರ ಬದಲು ಅಡುಗೆಮನೆಯಲ್ಲಿ ನಿಂತು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಅವರನ್ನು ಬಾಯಿಗೆ ಬಂದಂತೆ ಬೈಯತೊಡಗಿದೆ. ಸಾಹುಕಾರರ ಮುಂದೆ ಅಷ್ಟುದ್ದ ಮಾತಾಡು ಎಂದು ಇವರಿಗೆ ಹೇಳಿದವರು ಯಾರು? ಹಟ ನನ್ನದು, ನಾನು ನೋಡಿಕೊಳ್ಳುತ್ತಿದ್ದೆ. ಬಾಯಿ ಮುಚ್ಚಿಕೊಂಡು ಕುಳಿತಿದ್ದರೆ ಗಂಟೇನು ಹೋಗುತ್ತಿತ್ತು? ನಮ್ಮವರು ಬಾಗಿಲಿಗೆ ಒರಗಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು.

"ಹಾಂ, ಹಿಂಗ," ಎಂದರು. "ಇದನ್ನ ಬಿಡಸು."

ಸಕ್ಕರೆ ಕಾರ್ಖಾನೆಯೊಂದರ ತೂಕದ ಕಾಟಾದಲ್ಲಿ ಕೆಲಸ ಸಿಗುವವರೆಗೆ ಅವರು ಮನೆಯಲ್ಲೇ ಇದ್ದರು. ನನ್ನ ಕುರ್ಚಿಯ ಹಿಂದೆ ನಿಂತು, ಮೂಗು ಇನ್ನೂ ಕೆಂಪಗಿರಬೇಕು, ಕೂದಲು ಇನ್ನೂ ಕೆದರಬೇಕು ಎಂದು ತಿದ್ದಿಸಿದರು. ನಾನು ಕೊಂದ ಮನುಷ್ಯ ನನ್ನ ಬೆನ್ನ ಹಿಂದೆಯೇ ನಿಂತು ತನ್ನ ಸಾವಿಗೆ ಹೇಗೆ ಅಳಬೇಕೆಂದು ಕಲಿಸುತ್ತಿದ್ದ. ಮೊದಲನೇ ಪುಟ ಹೊಸದಾಯಿತು. ಅದರಲ್ಲಿ ಸಿಡಿಲವ್ವ ಕೊಯ್ತಾ ಮುಟ್ಟುವುದಿಲ್ಲ. ಗಂಡನ ಹೆಣದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಮೂಗು ಒರೆಸುತ್ತ, ಅವರ ಗೊಡವಿಗೆ ಹೋಗಬ್ಯಾಡಂತ ಎಷ್ಟ ಸಲ ಹೇಳಿದ್ದೆ ಎಂದು ಪುಟದ ತುಂಬ ಬೈಯುತ್ತಾಳೆ.

ಹೊಸ ಪ್ರತಿ ಹಂಚಿದ ವಾರ ಶಾಲೆಯಲ್ಲಿ ಹುಡುಗಿಯರನ್ನು ಕೇಳಿದೆ, ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಜಿಕೆ ಬಂದದ್ದು ಎಲ್ಲಿ ಎಂದು. ಬೆರಳುಗಳ ಪುಟವನ್ನೋ ಕೊಪ್ಪರಿಗೆಯ ಪುಟವನ್ನೋ ಹೇಳುತ್ತಾರೆಂದು ಕಾಯುತ್ತಿದ್ದೆ. ಹೆಣಕ್ಕೆ ಬೈಯುವ ಪುಟ ಎಂದು ಇಡೀ ವರ್ಗ ಒಂದೇ ದನಿಯಲ್ಲಿ ಹೇಳಿತು. ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರಿಗೇನೂ ಆಶ್ಚರ್ಯವಾಗಲಿಲ್ಲ.